ದೋಣಿ ಹೊತ್ತ ಟ್ರೇಲರಿನ ಸನ್ನಿಧಾನಕ್ಕೆ

ಮಾನ್ಯ ಟ್ರೇಲರ್ ಮಹಾಶಯರೇ,

ನಾರ್ತ್‌ವಿಲ್ಲಿನ ನಮ್ಮ ಮನೆಯ ಡ್ರೈವ್‌ವೇಯಲ್ಲಿ, ಗರಾಜಿನ ಬಾಗಿಲಿಗೆ ಬೆನ್ನು ಮಾಡಿ, ಎರಡೇ ಗಾಲಿಗಳ ಮೇಲೆ ತಪಸ್ಸಿಗೆ ನಿಂತಿರುವ ತಮಗೆ, ಈ ಮನೆಯ ಯಜಮಾನನೆಂದು ಕಾಗದಪತ್ರಗಳಲ್ಲಿ ಮಾತ್ರ ನಮೂದಾಗಿರುವ ಸಂಗನಬಸಪ್ಪನ ಶರಣು ಶರಣಾರ್ಥಿಗಳು. ತಮ್ಮ ಗಾಲಿಗಳಲ್ಲಿ ಗಾಳಿ ತುಂಬಿದೆಯೆಂದೂ, ಹಿಂದಿನ ಕೆಂಪು ದೀಪಗಳು ಎರಡೂ ಒಂದೇ ಸಲ ಉರಿಯುವ ಮನಸ್ಸು ಮಾಡಿವೆಯೆಂದೂ, ಮಿಶಿಗನ್ನಿನ ಚಳಿಗಾಲದ ಉಪ್ಪು ತಮ್ಮ ಮೈಗೆ ಹಚ್ಚಿದ ತುಕ್ಕು ಇನ್ನೂ ಎಲುಬಿನತನಕ ಇಳಿದಿಲ್ಲವೆಂದೂ ನಂಬಿದ್ದೇನೆ. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಮೇಲಿರುವ ದೋಣಿಯೂ ಕ್ಷೇಮ.

ಮನೆಯ ಮಾತನ್ನು ಮನೆಯೊಳಗೇ ಮುಗಿಸಿಕೊಳ್ಳದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮ ಸಬ್‌ಡಿವಿಷನ್ನಿನ ಎಲ್ಲ ಮನೆಯವರೂ ಈ ಬೇಸಿಗೆಯಲ್ಲಿ ನಮ್ಮಿಬ್ಬರ ವ್ಯವಹಾರವನ್ನು ಕಿಟಕಿಯ ಪರದೆ ಸರಿಸಿ ನೋಡಿಬಿಟ್ಟಿರುವುದರಿಂದ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ.

ಮೊದಲಿಗೆ ತಮ್ಮ ಗುಣಗಳನ್ನು ಹೇಳಿಯೇ ಮುಂದುವರಿಯುವುದು ನನ್ನ ಧರ್ಮ. ಕಳೆದ ವಸಂತದಲ್ಲಿ, ಇನ್ನು ಬಿಸಿಲಿನ ಊರಿಗೆ ಹೋಗಿ ಇದ್ದುಬಿಡುತ್ತೇನೆಂದ ಒಬ್ಬ ಹಿರಿಯರಿಂದ ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿಯನ್ನು ಕೊಂಡಾಗ, ಅದರ ಜೊತೆಗೆ ಬಳುವಳಿಯ ಹಾಗೆ ಬಂದವರು ತಾವು. ದೋಣಿಯ ಬಗ್ಗೆ ನಾನು ಹತ್ತು ಪ್ರಶ್ನೆ ಕೇಳಿದೆ, ತಮ್ಮ ಬಗ್ಗೆ ಒಂದನ್ನೂ ಕೇಳಲಿಲ್ಲ. ಹೆಣ್ಣು ನೋಡಲು ಹೋದವನು ಅವಳ ಅಣ್ಣಂದಿರ ಸ್ವಭಾವವನ್ನು ವಿಚಾರಿಸದೆ ಬಂದ ಹಾಗಾಯಿತು. ನೀರಿನ ಮೇಲೆ ದೋಣಿ ನಡೆಸುವುದು ಅರ್ಧ ಗಂಟೆಯ ವಿದ್ಯೆ, ಅದನ್ನು ತಮ್ಮ ಮೇಲೆ ನೆಟ್ಟಗೆ ಕೂರಿಸುವುದು ಜನ್ಮದ ವಿದ್ಯೆ ಎಂಬುದನ್ನು ಆ ಹಿರಿಯರು ಹೇಳಲಿಲ್ಲ. ಹೇಳಿದ್ದರೆ ಅವರು ಬಿಸಿಲಿನ ಊರಿಗೆ ಹೋಗುವುದು ತಡವಾಗುತ್ತಿತ್ತು.

ದೋಣಿಯನ್ನು ಕೊಂಡದ್ದು ನನ್ನ ಶೋಕಿಗಲ್ಲ. ರೋಣದ ಕಡೆಯ ಕಪ್ಪು ಮಣ್ಣಿನ ಊರಿನವರಾದ ನನ್ನ ಅತ್ತೆ ನೀಲಮ್ಮನವರು ಮಗಳ ಮನೆಗೆ ಬಂದಿದ್ದರು. ಇದು ಅವರ ಮೂರನೆಯ ಭೇಟಿ, ಮತ್ತು ಮೊಣಕಾಲು ಕೈಕೊಟ್ಟಿದೆ, ಇಷ್ಟು ದೂರದ ವಿಮಾನ ಇನ್ನು ಸಾಕು, ಇದೇ ಕಡೆಯ ಸಲ ಎಂದು ಬಂದ ದಿನವೇ ಚೀಲ ಇಳಿಸುತ್ತ ಘೋಷಿಸಿದ್ದರು. ನಮ್ಮ ಸುತ್ತಲಿನ ಕೆರೆಗಳನ್ನು ಕಾರಿನ ಕಿಟಕಿಯಿಂದ ನೋಡುತ್ತ ಒಂದು ಸಂಜೆ ಅವರು, "ನೀರು ನೋಡೇನಿ, ನೀರು ಹೊತ್ತೇನಿ, ಬಸ್ಸಿನಾಗ ಕುಂತು ಹೊಳಿ ದಾಟೇನಿ. ನೀರಿನ ಮ್ಯಾಲೆ ಮಾತ್ರ ಕುಂತಿಲ್ಲ ನೋಡ್ರಿ ಅಳಿಯಂದ್ರ" ಎಂದರು. ಕೇಳಿದ್ದಲ್ಲ, ಸುಮ್ಮನೆ ಅಂದದ್ದು. ಆ ಮರುವಾರವೇ ತಾವು ನಮ್ಮ ಡ್ರೈವ್‌ವೇಗೆ ಚಿತ್ತೈಸಿದಿರಿ. ಆಗಸ್ಟ್ ಕೊನೆಯಲ್ಲಿ ಅವರ ವಿಮಾನ. ಅದರೊಳಗೆ ಅವರನ್ನು ಒಮ್ಮೆ ನೀರಿನ ಮೇಲೆ ಕೂರಿಸಬೇಕು ಎಂಬುದಷ್ಟೇ ತಮ್ಮ ಮುಂದೆ ನಾವಿಟ್ಟ ಬೇಡಿಕೆಯಾಗಿತ್ತೆಂಬುದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಇಲ್ಲಿ ನನ್ನ ಸ್ನೇಹಿತ ಶೇಷಾದ್ರಿಯವರನ್ನು ತಮಗೆ ಮತ್ತೊಮ್ಮೆ ಪರಿಚಯಿಸಬೇಕು. ಅವರು ಮೈಸೂರಿನವರು, ವಾರೆನ್ನಿನಲ್ಲಿ ಎಂಜಿನಿಯರು. ಕಾರಿನ ಭಾರ ಯಾವ ಗಾಲಿಯ ಮೇಲೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕುವುದೇ ಸೋಮವಾರದಿಂದ ಶುಕ್ರವಾರದವರೆಗೆ ಅವರ ಉದ್ಯೋಗ. ಶನಿವಾರ ಮತ್ತು ಭಾನುವಾರ ಅವರು ವಾಸ್ತು ನೋಡುತ್ತಾರೆ. ಈ ಎರಡು ವಿದ್ಯೆಗಳು ಅವರ ತಲೆಯಲ್ಲಿ ಒಳ್ಳೆಯ ಬಾಡಿಗೆದಾರರ ಹಾಗೆ, ಒಬ್ಬರಿನ್ನೊಬ್ಬರ ಬಾಗಿಲು ತಟ್ಟದೆ ವಾಸವಾಗಿವೆ. ತಮ್ಮ ದುರದೃಷ್ಟಕ್ಕೆ ನಮ್ಮ ಮೊದಲ ಯಾತ್ರೆ ಶನಿವಾರಕ್ಕೆ ಬಿತ್ತು.

ಫೋನಿನಲ್ಲಿ ದಿಕ್ಸೂಚಿ ಹಿಡಿದು ಅವರು ತಮ್ಮ ಸುತ್ತ ಪ್ರದಕ್ಷಿಣೆ ಬಂದದ್ದು ತಮಗೆ ನೆನಪಿರಬಹುದು. ದೋಣಿಯ ಮೂತಿ ರಸ್ತೆಯ ಕಡೆಗೆ, ಅಂದರೆ ಈಶಾನ್ಯಕ್ಕಿತ್ತು. ಬೆನ್ನು ಗರಾಜಿನ ಕಡೆಗೆ, ಅಂದರೆ ನೈಋತ್ಯಕ್ಕೆ. "ಬ್ಯೂಟಿಫುಲ್ ಸಂಗಣ್ಣ, ತಾನಾಗೇ ಸೆಟ್ ಆಗಿದೆ. ಭಾರ ಎಲ್ಲಾ ನೈಋತ್ಯಕ್ಕೆ ಹಾಕು. ಈಶಾನ್ಯ ಹಗುರವಾಗಿರ್ಬೇಕು, ಖಾಲಿ ಬಿಡು" ಎಂದರು. ಹೀಗೆ ಬ್ಯಾಟರಿ, ಪೆಟ್ರೋಲು ಡಬ್ಬಿ, ಲಂಗರು, ಐಸು ತುಂಬಿದ ಪೆಟ್ಟಿಗೆ, ಎರಡು ಕೊಡ ಕುಡಿಯುವ ನೀರು, ಎಲ್ಲವೂ ದೋಣಿಯ ಬೆನ್ನಿಗೆ ಹೋದವು. ಅಷ್ಟಕ್ಕೇ ತೃಪ್ತರಾಗದೆ, ದೋಣಿಯ ಮೂಗು ಬಂದು ತಾಗಬೇಕಾದ ತಮ್ಮ ಮುಂದಿನ ರಬ್ಬರಿನ ಗುಟ್ಟೆಯಿಂದ ಇಡೀ ದೋಣಿಯನ್ನು ಒಂದಡಿ ಹಿಂದಕ್ಕೆ ಸರಿಸಿ, ಈಶಾನ್ಯಕ್ಕೆ ಉಸಿರಾಡಲು ಜಾಗ ಮಾಡಿಕೊಟ್ಟರು. ತಾವು ಆಗ ಒಂದು ಮಾತೂ ಆಡಲಿಲ್ಲ. ತಮ್ಮ ಮೂತಿ ಕಾರಿನ ಕೊಂಡಿಯ ಮೇಲೆ ಹಕ್ಕಿ ಕೂತಷ್ಟು ಹಗುರಾಗಿ ಕೂತಿತ್ತೆಂಬುದನ್ನು ಕಂಡು, ಎಂಥ ಸೌಮ್ಯ ಸ್ವಭಾವ ಎಂದು ನಾನು ಮೆಚ್ಚಿಕೊಂಡೆ.

ಹೈವೇ ಹತ್ತಿ ಪಶ್ಚಿಮಕ್ಕೆ ತಿರುಗಿದೆವು. ತಿರುಗಿದ ಕೂಡಲೇ ನೈಋತ್ಯವು ಯಾರನ್ನೂ ಕೇಳದೆ ದೋಣಿಯ ಬೆನ್ನಿನಿಂದ ಎದ್ದು, ಮುಂದಿನ ಎಡಮೂಲೆಗೆ ಹೋಗಿ ಕುಳಿತುಬಿಟ್ಟಿತು. ಬ್ಯಾಟರಿ, ಲಂಗರು, ಐಸಿನ ಪೆಟ್ಟಿಗೆಗಳು ಮಾತ್ರ ಇದ್ದಲ್ಲೇ ಉಳಿದವು. ರಸ್ತೆ ತಿರುಗಿದರೆ ದಿಕ್ಕೂ ತಿರುಗುತ್ತದೆಂಬ ಸಂಗತಿ ಮೂವತ್ತು ವರ್ಷ ಕಾರು ಓಡಿಸಿದ ನಮಗಿಬ್ಬರಿಗೂ ಹೊಳೆಯಲಿಲ್ಲವೆಂದು ನಾಚಿಕೆಯಿಂದಲ್ಲ, ವಿಸ್ಮಯದಿಂದ ತಿಳಿಸುತ್ತೇನೆ. ಗಂಟೆಗೆ ಐವತ್ತು ಮೈಲಿ ಮುಟ್ಟುವಷ್ಟರಲ್ಲಿ ತಾವು ಹಿಂದೆ ಬಾಲ ಬೀಸತೊಡಗಿದಿರಿ. ಮೊದಲು ಮರ್ಯಾದಸ್ಥರ ಹಾಗೆ, ಆಮೇಲೆ ಸಂತೆಯಿಂದ ಕುಡಿದು ಬಂದವರ ಹಾಗೆ. ಮಡಿಲಲ್ಲಿ ರೊಟ್ಟಿಯ ಡಬ್ಬಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅತ್ತೆ ತಿರುಗಿ ನೋಡಿ, "ಅಳಿಯಂದ್ರ, ಹಿಂದಿಂದು ಹೊಯ್ದಾಡಾಕ ಹತ್ತೇತಿ. ಕುಡಿಸಿ ಗಿಡಿಸಿ ಕರಕೊಂಡು ಬಂದೀರೇನು ಅದನ್ನ?" ಎಂದು ವಿಚಾರಿಸಿದರು. ಅವರ ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಅನು ತಾಯಿಯ ಸೀಟ್ ಬೆಲ್ಟನ್ನು ಎಳೆದು ನೋಡಿದಳು.

ಆ ಹೊತ್ತಿನಲ್ಲಿ ನನಗೆ ನಮ್ಮೂರಿನ ಒಂದು ಕಥೆ ನೆನಪಾಯಿತು. ಕಥೆಗಳಿಗೆ ಬೇಕಾದಾಗ ಬಾರದಿರುವ, ಬೇಡವಾದಾಗ ಪೂರ್ತಿ ಬರುವ ಕೆಟ್ಟ ಚಾಳಿಯಿದೆ. ಒಮ್ಮೆ ಮದುವೆಯ ದಿಬ್ಬಣದ ಬಂಡಿಯಲ್ಲಿ, ಮುಂದೆ ಕೂತರೆ ಎತ್ತಿನ ಬಾಲ ರೇಷ್ಮೆ ಸೀರೆಗೆ ಬಡಿಯುತ್ತದೆಂದು ಬೀಗಿತ್ತಿಯರೆಲ್ಲ ಹಿಂದಕ್ಕೇ ಸರಿದು ಕುಳಿತರಂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಂಡಿಯ ಮೂಕಿ ಮೇಲೆದ್ದು, ನೊಗ ಹೆಗಲು ಬಿಟ್ಟು, ಕೊರಳ ಪಟ್ಟಿ ಬಿಗಿದು, ಎರಡೂ ಎತ್ತುಗಳು ಮುಗಿಲು ನೋಡುತ್ತ ನಿಂತವಂತೆ. ಬೀಗಿತ್ತಿಯರು ಒಬ್ಬೊಬ್ಬರಾಗಿ ಹಿಂದಿನಿಂದ ಜಾರಿ, ಕುಂಬಳಕಾಯಿ ಇಳಿಸಿದ ಹಾಗೆ ದಾರಿಯ ಮೇಲೆ ಸಾಲಾಗಿ ಕುಳಿತರಂತೆ. ಬಂಡಿ ಹೊಡೆಯುವವನು ತಿರುಗಿ ನೋಡಿ, "ಇಳಿಯೂ ಜಾಗಾ ಇನ್ನೂ ಬಂದಿಲ್ಲಲ್ರೆವ್ವಾ" ಅಂದನಂತೆ. ಹೊರೆಯ ಹತ್ತರಲ್ಲೊಂದು ಪಾಲಾದರೂ ಮುಂದಿನ ಕೊಂಡಿಯ ಮೇಲೆ ಊರಬೇಕು ಎಂಬುದು ಬಂಡಿಗೂ ತಮಗೂ ಒಂದೇ ನಿಯಮ ಎಂದು ಆ ಹೈವೇಯ ಮೇಲೆ, ಎರಡೂ ಪಕ್ಕದಲ್ಲಿ ದೊಡ್ಡ ಲಾರಿಗಳು ಹಾರ್ನು ಹಾಕುತ್ತಿರುವಾಗ ಅರ್ಥಮಾಡಿಕೊಂಡೆ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಆಮೆಯ ನಡಿಗೆಯಲ್ಲಿ ಮನೆಗೆ ಬಂದೆವು. ಅತ್ತೆ ರೊಟ್ಟಿಯ ಡಬ್ಬಿಯನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು ಸೀರೆ ಬದಲಿಸಲು ಹೋದರು.

ಆ ದಿನ ಅನು ಹೊರಡಿಸಿದ ಆಜ್ಞೆಯನ್ನು ತಾವೂ ಕೇಳಿಸಿಕೊಂಡಿದ್ದೀರಿ. ನಾನು ವೃತ್ತಿಯಿಂದ ಹಲ್ಲಿನ ಡಾಕ್ಟರು. ಅದರಲ್ಲೂ ಮಕ್ಕಳ ವಕ್ರ ಹಲ್ಲುಗಳಿಗೆ ತಂತಿ ಬಿಗಿದು ಸಾಲಿಗೆ ತರುವವನು. "ಮಂದಿ ಹಲ್ಲು ನೆಟ್ಟಗ ಮಾಡಿ ಕಳಸ್ತೀರಿ. ಒಂದು ದೋಣಿ ನೆಟ್ಟಗ ಕುಂದರಸಾಕ ಬರೂದಿಲ್ಲ. ಅದು ಆ ಟ್ರೇಲರಿನ ಮ್ಯಾಲೆ ನಟ್ಟನಡುವ ಕುಂದ್ರೂತನಕ ನಮ್ಮವ್ವ ಅದರಾಗ ಕಾಲಿಡಂಗಿಲ್ಲ. ಮೊದಲ ನೀವ ಹೋಗಿ ಜೀವಂತ ಬರ್ರಿ" ಎಂದು ಅವಳು ಅಂದಾಗ, ಒಳಗಿನಿಂದ ಅತ್ತೆ, "ನಾ ಹೋಗೂದರಾಗ ಕುಂದ್ರತೈತೇನು ಕೇಳವಾ" ಎಂದರು. ಆ ಪ್ರಶ್ನೆ ನನಗಲ್ಲ, ತಮಗೆ.

ಆದ್ದರಿಂದ ಎರಡನೆಯ ಯಾತ್ರೆಗೆ ನಾನು, ಶೇಷಾದ್ರಿ ಮತ್ತು ನನ್ನ ಮಗಳು ಇಳಾ ಮಾತ್ರ ಹೋದೆವು. ಈ ಸಲ ಭಾರವನ್ನು ಮುಂದಕ್ಕೆ ಹಾಕಿದ್ದೆವು. ಕೆರೆಗೆ ಹೋಗುವ ಒಳದಾರಿ ನೈಋತ್ಯಕ್ಕೇ ಸಾಗುವುದರಿಂದ ಶಾಸ್ತ್ರಕ್ಕೂ ಅದೇ ಸಮ್ಮತವೆಂದು ಶೇಷಾದ್ರಿಯವರು ಸಮಾಧಾನ ತಂದುಕೊಂಡಿದ್ದರು. ಬರುವಾಗ ಹೇಗೆ ಎಂದು ನಾನು ಕೇಳಲಿಲ್ಲ. ದೋಣಿ ನೀರಿಗೆ ಇಳಿಯಿತು, ಓಡಿತು, ದಡಕ್ಕೆ ಬಂತು. ಅಲ್ಲಿಯವರೆಗೆ ಎಲ್ಲವೂ ತಮ್ಮ ಸಹಾಯವಿಲ್ಲದೆ ನಡೆದದ್ದರಿಂದ ಸುಸೂತ್ರವಾಗಿತ್ತು.

ಅದನ್ನು ಮತ್ತೆ ತಮ್ಮ ಮೇಲೆ ಕೂರಿಸಬೇಕಲ್ಲ. ಬೀಗರಿಗೆ ಎಣ್ಣೆಸ್ನಾನ ಮಾಡಿಸುವ ಆದರದಲ್ಲಿ ತಮ್ಮನ್ನು ಇಳಿಜಾರಿನಿಂದ ನೀರಿಗೆ ಪೂರ್ತಿ ಮುಳುಗಿಸಿದೆವು. ದೋಣಿ ತಮ್ಮ ಮೇಲೆ ತೇಲುತ್ತ ಬಂದು ನಟ್ಟನಡುವೆ ನಿಂತಿತು. ನಾನು ಕಾರನ್ನು ಮೇಲಕ್ಕೆ ಎಳೆದೆ. ನೀರಿನಿಂದ ಎದ್ದು ಬಂದಾಗ ನೋಡಿದರೆ ದೋಣಿಯ ಮೂತಿ ಸರಿಯಾಗಿದೆ, ಬೆನ್ನು ಮಾತ್ರ, ದೋಣಿ ಕೂರಬೇಕಾದ ತಮ್ಮ ಎರಡು ಉದ್ದ ಹಲಗೆಗಳಲ್ಲಿ ಬಲಗಡೆಯದನ್ನು ಬಿಟ್ಟು ಗಾಲಿಯ ಮೇಲೆ ಒರಗಿದೆ, ಮದುವೆಮನೆಯಲ್ಲಿ ಉಂಡು ಗೋಡೆಗೆ ಒರಗಿದವರ ಹಾಗೆ. ಮತ್ತೆ ಮುಳುಗಿಸಿದೆವು, ಈ ಸಲ ಎಡಕ್ಕೆ ಒರಗಿತು. ಹಿಂದೆ ಸಾಲಿನಲ್ಲಿ ದೋಣಿಗಳ ಕಾರುಗಳು ಸೇರತೊಡಗಿದವು. ಈ ನಾಡಿನ ಜನ ಬೈಯುವುದಿಲ್ಲ, "ಟೇಕ್ ಯುವರ್ ಟೈಮ್" ಎನ್ನುತ್ತಾರೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇಳಾ ಫೋನಿನಲ್ಲಿ ಒಂದು ವಿಡಿಯೋ ನೋಡಿ, "ಡ್ಯಾಡ್, ಇಟ್ ಸೇಸ್ ಯು ಆರ್ ವೇ ಟೂ ಡೀಪ್. ಲೆಸ್ ವಾಟರ್" ಎಂದಳು. ಶೇಷಾದ್ರಿಯವರು, "ಕಡಿಮೆ ನೀರಲ್ಲಿ ದೋಣಿ ಹೇಗಮ್ಮ ತೇಲುತ್ತೆ? ಸ್ವಲ್ಪ ಲಾಜಿಕ್ ಬೇಡ್ವಾ?" ಎಂದು ಮಗುವನ್ನು ತಿದ್ದಿದರು. "ಅಂಕಲ್, ಇಟ್ಸ್ ನಾಟ್ ಸಪೋಸ್ಡ್ ಟು ಫ್ಲೋಟ್. ಇಟ್ಸ್ ಸಪೋಸ್ಡ್ ಟು ಸಿಟ್" ಎಂದು ಅವಳು ಅಂದದ್ದನ್ನು ನಾವಿಬ್ಬರೂ ಹಿರಿಯರಾದ್ದರಿಂದ ಕೇಳಿಸಿಕೊಳ್ಳಲಿಲ್ಲ. ಆ ದಿನ ದೋಣಿ ಓರೆಯಾಗಿಯೇ, ಟೊಪ್ಪಿಗೆ ವಾರೆ ಮಾಡಿದ ರಸಿಕನ ಹಾಗೆ, ಇಡೀ ಸಬ್‌ಡಿವಿಷನ್ನಿನ ಮುಂದೆ ಮೆರವಣಿಗೆ ಬಂದಿತು. ಅತ್ತೆ ವರಾಂಡದಲ್ಲಿ ನಿಂತು ನೋಡಿ, ಒಳಗೆ ಹೋದರು.

ಮುಂದಿನ ವಾರಗಳಲ್ಲಿ ಕ್ಲಿನಿಕ್ಕು ಮುಗಿಸಿ ನೇರ ಕೆರೆಗೆ ಹೋಗಿ ನಾನು ತಮ್ಮ ಸೇವೆ ಮಾಡಿದ್ದನ್ನು ತಾವು ಅಲ್ಲಗಳೆಯಲಾರಿರಿ. ತಮ್ಮ ಹಲಗೆಗಳನ್ನು ಒಮ್ಮೆ ನೆನೆಸಿ, ಮತ್ತೆ ಮೇಲಕ್ಕೆಳೆದು, ಅವುಗಳ ಮುಂದಿನ ತುದಿ ನೀರಿನ ಹೊರಗೆ ಕಾಣುವ ಹಾಗೆ ನಿಲ್ಲಿಸಿದರೆ ದೋಣಿ ತಾನಾಗಿ ನಡುವಿಗೆ ಬಂದು ಕೂರುತ್ತದೆಂದು ಕಲಿತೆ. ತಮ್ಮ ಮೂತಿಯ ಹತ್ತಿರದ ಕೈರಾಟೆಯ ಪಟ್ಟಿಯಿಂದ ಎಳೆದು, ಮೂಗು ರಬ್ಬರಿನ ಗುಟ್ಟೆಗೆ ತಾಗಿಸಿ, ಬೆನ್ನು ಹಲಗೆಗಳ ಕೊನೆಗೆ ಸಮನಾಗಿ ನಿಂತ ದಿನ ಮನೆಗೆ ಬಂದು ಅನುವನ್ನು ಕರೆದೆ. ಅವಳು ಅಡಿಗೆಮನೆಯಿಂದ ಲಟ್ಟಣಿಗೆ ಹಿಡಿದು ಬಂದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಅವಳು ಅದನ್ನು ದೋಣಿ ಮತ್ತು ಗಾಲಿಯ ನಡುವಿನ ಸಂದಿಯಲ್ಲಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂರಿಸಿ, ಎರಡೂ ಕಡೆ ಒಂದೇ ಸಮ ಹಾಯುವುದನ್ನು ನೋಡಿ, "ಹೂಂ. ಹಲ್ಲು ಕೂಡ್ಯಾವು" ಎಂದಳು. ಇಪ್ಪತ್ತು ವರ್ಷದ ವೃತ್ತಿಯಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು. ಮತ್ತೆ ಅಲುಗಬಾರದೆಂದು ದೋಣಿಯ ಬೆನ್ನನ್ನು ತಮ್ಮ ಕಬ್ಬಿಣಕ್ಕೆ ಎರಡು ಬೆಲ್ಟುಗಳಿಂದ, ಬಾಣಂತಿಯ ಹೊಟ್ಟೆಗೆ ಸೀರೆ ಬಿಗಿದ ಹಾಗೆ ಬಿಗಿದೆ.

ಇನ್ನು ನಮ್ಮ ಕಡೆಯ ಶನಿವಾರದ ವಿಷಯ. ಮಂಗಳವಾರ ಅತ್ತೆಯ ವಿಮಾನ. ಶೇಷಾದ್ರಿಯವರು ಇಂಡಿಯನ್ ಸ್ಟೋರಿನಿಂದ ತೆಂಗಿನಕಾಯಿಯನ್ನೂ ತೋಳುದ್ದದ ಚೆಂಡು ಹೂವಿನ ಮಾಲೆಗಳನ್ನೂ ತಂದರು. ಕಾಯಿಯನ್ನು ತಮ್ಮ ಕೊಂಡಿಯ ಕಬ್ಬಿಣದ ಗುಂಡಿಗೇ ಒಡೆದರು, ಅದು ಎರಡು ಸಮನಾದ ಹೋಳಾಯಿತು. ಮಾಲೆಗಳನ್ನು ದೋಣಿಯ ಬೆನ್ನಿಗೆ ದಟ್ಟವಾಗಿ ಸುತ್ತಿದರು. ಎಷ್ಟು ದಟ್ಟವೆಂದರೆ ಆ ಕಡೆ ಹೂವಲ್ಲದೆ ಏನೂ ಕಾಣುತ್ತಿರಲಿಲ್ಲ. ನೀರಿನಂಚಿನ ಮರದ ಕಟ್ಟೆಯಿಂದ ದೋಣಿಗೆ ಇಳಿಯಲು ಅತ್ತೆಯ ಮೊಣಕಾಲು ಒಪ್ಪದ ಕಾರಣ, ಕೆರೆಯ ಪಕ್ಕದ ಪಾರ್ಕಿಂಗಿನಲ್ಲೇ, ಗರಾಜಿನ ಮೆಟ್ಟಿಲುಮಣೆ ಇಟ್ಟು, ಅವರನ್ನೂ ಅನುವನ್ನೂ ತಮ್ಮ ಮೇಲಿದ್ದ ದೋಣಿಗೆ ಹತ್ತಿಸಿದೆವು. ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಮಡಿಲಲ್ಲಿ ರೊಟ್ಟಿಯ ಡಬ್ಬಿ ಇಟ್ಟುಕೊಂಡು ಅವರು ದೋಣಿಯ ನಡುವಿನ ಆಸನದ ಮೇಲೆ ಕುಳಿತರು.

ನಾನು ಕಾರನ್ನು ಹಿಂದಕ್ಕೆ ಬಿಟ್ಟೆ. ತಾವು ಹದವಾದ ಆಳಕ್ಕೆ ಇಳಿದಿರಿ. ಶೇಷಾದ್ರಿಯವರು ಮುಂದಿನ ರಾಟೆಯ ಪಟ್ಟಿ ಬಿಚ್ಚಿ, ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತರು. ದೋಣಿ ಬಿಡಲಿಲ್ಲ. ಇನ್ನೊಂದಿಷ್ಟು ಹಿಂದಕ್ಕೆ ಹೋದೆ. ನೀರು ಸುತ್ತಲೂ ಏರಿತು, ದೋಣಿ ಮೆಲ್ಲಗೆ ಎದ್ದು, ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗಿತು, ತಮ್ಮನ್ನು ಬಿಟ್ಟು ಒಂದಂಗುಲವೂ ಹೋಗಲಿಲ್ಲ. ಶೇಷಾದ್ರಿಯವರು ಎಳೆದರು. ನಂತರ ಬಗ್ಗಿ, ಹೂವಿನ ಮಾಲೆಯನ್ನು ಸ್ವಲ್ಪ ಸರಿಸಿ ನೋಡಿ, ಕಾರಿನ ಕಿಟಕಿಯ ಹತ್ತಿರ ಬಂದು, ಸಾವಿನ ಮನೆಯ ದನಿಯಲ್ಲಿ, "ಸಂಗಣ್ಣ, ಹಿಂದಿನ ಬೆಲ್ಟ್ ಬಿಚ್ಚೇ ಇಲ್ಲ ಕಣೋ" ಎಂದರು.

ಕಾರನ್ನು ಮೇಲಕ್ಕೆಳೆದು, ಬಿಚ್ಚಿ, ಮತ್ತೆ ಇಳಿಸುವುದು ಐದು ನಿಮಿಷದ ಕೆಲಸವಾಗಿತ್ತು. ನಾನು ಕನ್ನಡಿಯಲ್ಲಿ ನೋಡಿದೆ. ಅತ್ತೆ ಕೆರೆಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ಒಂದು ಕೈಯನ್ನು ನೀರಿಗೆ ಇಳಿಬಿಟ್ಟು ಬೆರಳಾಡಿಸುತ್ತಿದ್ದರು. ಆಮೇಲೆ ಡಬ್ಬಿ ತೆಗೆದು, ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಮಗಳಿಗೆ ಕೊಟ್ಟು, "ಎಷ್ಟು ಸಾವಕಾಶ ನಡಸ್ತಾರ ನೋಡ ನಿನ್ನ ಗಂಡ. ಹೊಟ್ಟಿ ತೊಳಸೂದು ಸೈತ ಇಲ್ಲ" ಎಂದರು. ಅನು ತಿರುಗಿ ನನ್ನನ್ನು ನೋಡಿ, ತಲೆಯನ್ನು ಅಡ್ಡಕ್ಕೆ, ಅಷ್ಟೇ ಅಷ್ಟು ಆಡಿಸಿದಳು. ನಾನು ಕಾರಿನ ಎಂಜಿನ್ ಆರಿಸಿದೆ. ಇಳಾ ಹಿಂದೆ ಸಾಲಿನಲ್ಲಿ ನಿಂತವರ ಹತ್ತಿರ ಹೋಗಿ, "ಮೈ ಗ್ರ್ಯಾಂಡ್‌ಮದರ್ ಈಸ್ ಆನ್ ಎ ಬೋಟ್ ರೈಡ್" ಎಂದು ತಿಳಿಸಿದಳು. ಅವರೂ ತಮ್ಮ ಎಂಜಿನ್ ಆರಿಸಿದರು.

ಎರಡು ರೊಟ್ಟಿ ಮುಗಿಯುವವರೆಗೆ ವಿಹಾರ ನಡೆಯಿತು. ಬಾತುಕೋಳಿಗಳು ಬಂದವು, ಅವುಗಳಿಗೂ ರೊಟ್ಟಿ ಸಿಕ್ಕಿತು. ಕೊನೆಗೆ ಅತ್ತೆ ಕೈತೊಳೆದು, "ಸಾಕು. ತಿರುಗಿಸಿ ದಂಡಿಗೆ ಹಚ್ಚಾಕ ಹೇಳು" ಎಂದರು. ನಾನು ಕಾರನ್ನು ಮುಂದಕ್ಕೆ ಬಿಟ್ಟೆ. ತಾವು ನೀರು ಸುರಿಸುತ್ತ, ದೋಣಿಯನ್ನೂ ತಾಯಿಮಗಳನ್ನೂ ಹೊತ್ತು, ಒಂದು ಕೂದಲೆಳೆಯೂ ಓರೆಯಾಗದ ಹಾಗೆ ದಡಕ್ಕೆ ಬಂದಿರಿ. ಆ ಇಳಿಜಾರಿನಲ್ಲಿ ಆ ಬೇಸಿಗೆಯಲ್ಲಿ ಅಷ್ಟು ನೆಟ್ಟಗೆ ಇನ್ಯಾವ ದೋಣಿಯೂ ಮೇಲೆ ಬಂದಿರಲಾರದು.

ಮಹಾಶಯರೇ, ನನ್ನ ದೂರು ಇಲ್ಲಿದೆ. ಹಿಡಿದುಕೊಳ್ಳಿ ಎಂದಾಗಲೆಲ್ಲ ಜಾರಿಸಿದ ತಾವು, ಬಿಡಬೇಕಾದ ಒಂದೇ ದಿನ ಹಿಡಿದುಕೊಂಡಿರಿ. ದೋಣಿಗೆ ಸಲ್ಲಬೇಕಾದ ಸವಾರಿಯನ್ನು ತಾವು ಹೊಡೆದುಕೊಂಡಿರಿ. ಆದಕಾರಣ, ಮುಂದಿನ ವರ್ಷದಿಂದ ತಾವು ದಯಮಾಡಿ, ಬೆಲ್ಟು ಬಿಚ್ಚದೆ ನೀರಿಗೆ ಇಳಿಸಿದಾಗ ಒಮ್ಮೆ ಕೆಮ್ಮಬೇಕೆಂದೂ, ನಾವು ಯಾವ ದಿಕ್ಕಿಗೆ ತಿರುಗಿದರೂ ನೈಋತ್ಯವನ್ನು ಕೊಂಡಿಯ ಹತ್ತಿರವೇ ಕಟ್ಟಿಹಾಕಿಕೊಳ್ಳಬೇಕೆಂದೂ, ಸಾಧ್ಯವಾದರೆ ಕೆರೆಯ ನಡುವಿನವರೆಗೆ ತಾವೇ ಈಜಿಕೊಂಡು ಹೋಗುವ ಅಭ್ಯಾಸ ಮಾಡಿಕೊಳ್ಳಬೇಕೆಂದೂ ವಿನಂತಿಸುತ್ತೇನೆ.

ಮುಂದಿನ ವರ್ಷ ಎಂದು ಬರೆದದ್ದಕ್ಕೆ ಕಾರಣವಿದೆ. ಮಂಗಳವಾರ ಡೆಟ್ರಾಯಿಟ್ ವಿಮಾನನಿಲ್ದಾಣದಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ನನ್ನನ್ನು ಹತ್ತಿರಕ್ಕೆ ಕರೆದರು. ನಾನು ಬಗ್ಗಿದೆ. ಮಗಳಿಗೆ ಕೇಳಿಸದ ಹಾಗೆ ಅವರು, "ದೋಣಿ ಛಲೋ ಐತ್ರಿ ಅಳಿಯಂದ್ರ. ಮುಂದಿನ ಸಲ ಬಂದಾಗ ಬೆಲ್ಟ್ ಬಿಚ್ರಿ" ಎಂದರು.

ಇಂತಿ,
ಕೊಂಡಿಯ ಆ ತುದಿಯಲ್ಲಿ ತಾವು, ಈ ತುದಿಯಲ್ಲಿ ನಾನು ಇರುವವರೆಗೂ
ತಮ್ಮ ವಿಶ್ವಾಸಿ,
ಸಂಗನಬಸಪ್ಪ
ನಾರ್ತ್‌ವಿಲ್, ಮಿಶಿಗನ್

ವಿ.ಸೂ.: ಶಿಕಾಗೋ ಪಕ್ಕದ ಲೈಲ್‌ನಲ್ಲಿರುವ ಶೇಷಾದ್ರಿಯವರ ಷಡ್ಡಕರು ತಮ್ಮನ್ನು ಒಂದು ಋತುವಿಗೆ ಎರವಲು ಕೇಳಿದ್ದಾರೆ. ಅವರ ಡ್ರೈವ್‌ವೇ ದಕ್ಷಿಣಕ್ಕೆ ಮುಖ ಮಾಡಿದ್ದು, ಅದು ಯಮನ ದಿಕ್ಕಾದ್ದರಿಂದ, ದೋಣಿಯನ್ನು ತಮ್ಮ ಮೇಲೆ ಪೂರ್ವಕ್ಕೆ ಮೂತಿ ಮಾಡಿ ಅಡ್ಡಡ್ಡಲಾಗಿ ಕೂರಿಸಬಹುದೇ ಎಂದು ಷಡ್ಡಕರಿಬ್ಬರೂ ಫೋನಿನಲ್ಲಿ ಚರ್ಚಿಸುತ್ತಿದ್ದಾರೆ. ನಾನಿನ್ನೂ ಹೂಂ ಎಂದಿಲ್ಲ. ಏಪ್ರಿಲ್‌ವರೆಗೆ ತಮ್ಮ ನಡವಳಿಕೆಯನ್ನು ನೋಡಿ ತೀರ್ಮಾನಿಸಲಾಗುವುದು.